ಒಂದಾಳಿನ ಬಾಕಿ

ದೇವೀರಪ್ಪ ಜರ್ಮನಿಗೆ ಹೋಗಿಬಂದ ಸಂಗತಿ ಗೊತ್ತಿಲ್ಲದವರು ಕುಂದೂರು ಹೋಬಳಿಯಲ್ಲಿ ಯಾರೂ ಇರಲಿಲ್ಲ. ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನು ಕೂಡ ಅವನನ್ನು ಕಂಡರೆ ‘ಜರ್ಮನಿ ರೈಟ್ರು ಬಂದ್ರು’ ಅನ್ನುತ್ತಿದ್ದ. ಆದರೆ ಹೇಗೆ ಹೋದ ಅನ್ನುವುದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಹೋಗಿಬಂದವನು, ಇನ್ನೊಬ್ಬ ನ್ಯಾಯವಾಗಿ ಹೋಗಬೇಕಾಗಿದ್ದವನು.

ಆ ಇನ್ನೊಬ್ಬ ಶಾಂತಮಲ್ಲಪ್ಪ. ದೇವೀರಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವನು. ಒಂದಿಷ್ಟು ಗದ್ದೆ, ಮನೆ ಹಿಂದೆ ಅಂಗೈಯಗಲ ಕಾಫಿ ತೋಟ, ಎರಡು ಎತ್ತು, ವಿಶಾಲಮ್ಮ ಅನ್ನುವ ಬಾಯಿ ಜೋರಿನ ಹೆಂಡತಿ, ಇಷ್ಟು ಅವನ ಸಂಸಾರ. ದೇವೀರಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆದು ಕೆಲಸ ಹಂಚುವವನು. ಬಿ.ಎ. ಓದಿದವನು, ಇಸ್ತ್ರಿ ಮಾಡಿದ ಅಂಗಿಯವನು. ಅವನಿಗೂ ಅಪ್ಪನಿಂದ ಬಂದ ಗದ್ದೆ ಇತ್ತು. ಇಬ್ಬರ ಗದ್ದೆಗೂ ನಡುವೆ ಇದ್ದದ್ದು ಒಂದೇ ಬದು.

ಅಪ್ಪಂದಿರ ಕಾಲದಿಂದ ಈ ಎರಡು ಮನೆಗಳ ನಡುವೆ ಮುಯ್ಯಿ ನಡೆದುಬಂದಿತ್ತು. ಮುಯ್ಯಿ ಅಂದರೆ ಇಷ್ಟೇ: ಇವತ್ತು ನಿನ್ನ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ ಉಂಟು. ಇದು ಎಲ್ಲರೂ ಮಾಡುವುದೇ. ಆದರೆ ಇವರ ಮನೆಗಳದ್ದು ಮಾತ್ರ ಒಂದು ಬೇರೆಯೇ ಕಟ್ಟಳೆ. ಲೆಕ್ಕ ಎಂದೂ ಪೂರಾ ತೀರಿಸುವಂತಿಲ್ಲ. ಯಾರಾದರೊಬ್ಬರ ಕಡೆಯಿಂದ ಒಂದಾಳು ಬಾಕಿ ಇರಲೇಬೇಕು. ತೀರಿಸಿಬಿಟ್ಟರೆ ಬರುವ ವರ್ಷ ಬಾ ಅಂತ ಕರೆಯುವುದಕ್ಕೆ ಬಾಯಿ ಎಲ್ಲಿರುತ್ತದೆ ಅಂತ ಶಾಂತಮಲ್ಲಪ್ಪನ ಅಪ್ಪ ಹೇಳುತ್ತಿದ್ದರಂತೆ. ಆ ಇಬ್ಬರು ಮುದುಕರೂ ಹೋದರು, ಬಾಕಿ ಮಾತ್ರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಆಗುತ್ತ ಉಳಿದುಕೊಂಡಿತು. ಈ ಕಥೆ ನಡೆಯುವ ಹೊತ್ತಿಗೆ ದೇವೀರಪ್ಪನ ಮನೆಯಿಂದ ಶಾಂತಮಲ್ಲಪ್ಪನಿಗೆ ಒಂದಾಳು ಬಾಕಿ ಇತ್ತು.

ಇನ್ನು ರೇಡಿಯೋ. ಅದು ಶಾಂತಮಲ್ಲಪ್ಪನದು. ಎಸ್ಟೇಟು ಬಿಟ್ಟುಹೋದ ಯಾವನೋ ಮ್ಯಾನೇಜರನ ಹತ್ತಿರ ಕೊಂಡಿದ್ದ. ಹಲಸಿನ ಮರದಿಂದ ಮನೆಯ ಸೂರಿನವರೆಗೆ ತಾಮ್ರದ ತಂತಿ ಎಳೆದು ಏರಿಯಲ್ ಕಟ್ಟಿದ್ದ. ಸಂಜೆ ಮುಳ್ಳು ತಿರುಗಿಸುತ್ತ ಕೂತರೆ ಎಲ್ಲೆಲ್ಲಿಯ ದೇಶವೋ ಗೊರಗೊರ ಅನ್ನುತ್ತ ಬರುತ್ತಿತ್ತು. ಏಳನೇ ಕ್ಲಾಸಿನ ಶಾಂತಮಲ್ಲಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಆದರೂ ಕೇಳುವ ಹುಚ್ಚು. ಇಂಗ್ಲಿಷು ಬರುತ್ತಿದ್ದ ದೇವೀರಪ್ಪನ ಮನೆ ಗುಡ್ಡದ ಬುಡದಲ್ಲಿ, ಅಲ್ಲಿಗೆ ಹಾಸನದ ಸ್ಟೇಷನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಹಾಗಾಗಿ ದೇವೀರಪ್ಪ ಕೆಲಸ ಮುಗಿಸಿ ಶಾಂತಮಲ್ಲಪ್ಪನ ಜಗಲಿಗೆ ಬರುವುದು, ವಿಶಾಲಮ್ಮ ಕಾಫಿ ಕೊಡುವುದು, ಇವನು ಕೇಳಿ ಕನ್ನಡದಲ್ಲಿ ಹೇಳುವುದು, ಅವನು ಬಾಯಿಬಿಟ್ಟುಕೊಂಡು ಕೇಳುವುದು. ಇಬ್ಬರಿಗೂ ಮಕ್ಕಳಿಗಾಗುವಷ್ಟು ಖುಷಿ.

ಜರ್ಮನಿಯ ಒಂದು ಸ್ಟೇಷನ್ನು ಆಗಾಗ ಪ್ರಶ್ನೆ ಕೇಳಿ ಬಹುಮಾನ ಕೊಡುತ್ತಿತ್ತು. ಬಹುಮಾನ ಅಂದರೆ ಪೆನ್ನು, ಕ್ಯಾಲೆಂಡರು, ಅಂಟಿಸುವ ಚೀಟಿ. ಉತ್ತರ ಇಬ್ಬರೂ ಕೂತು ಹುಡುಕುತ್ತಿದ್ದರು, ಕಾರ್ಡು ದೇವೀರಪ್ಪ ಬರೆಯುತ್ತಿದ್ದ. ಯಾರ ಹೆಸರಲ್ಲಿ ಅನ್ನುವುದಕ್ಕೂ ಮುಯ್ಯಿಯೇ: ಒಂದು ಸಲ ಇವನ ಹೆಸರು, ಮುಂದಿನ ಸಲ ಅವನ ಹೆಸರು. ಶಾಂತಮಲ್ಲಪ್ಪನ ಹೆಸರಿಗೆ ಬಂದ ಕ್ಯಾಲೆಂಡರು ಅವನ ನಡುಮನೆಯಲ್ಲಿ ವರ್ಷ ಮುಗಿದರೂ ನೇತಾಡುತ್ತಿತ್ತು. ವಿಶಾಲಮ್ಮ ಅದರ ಮೊಳೆಗೆ ಜರಡಿ ಸಿಕ್ಕಿಸುತ್ತಿದ್ದಳು.

ತೊಂಬತ್ತೈದರ ಸುಗ್ಗಿ ಮುಗಿದ ಮೇಲೆ ಆ ಸ್ಟೇಷನ್ನಿನಲ್ಲಿ ಪಸ್ಸಾವ್ ಅನ್ನುವ ಊರಿನ ಚರಿತ್ರೆ ಶುರುವಾಯಿತು. ವಾರಕ್ಕೊಂದು ಭಾಗ, ಭಾಗಕ್ಕೊಂದು ಪ್ರಶ್ನೆ, ಎಲ್ಲ ಉತ್ತರ ಸೇರಿಸಿ ಕೊನೆಗೆ ಒಂದೇ ಕಾರ್ಡು. ಮೂರು ನದಿ ಸೇರುವ ಊರು ಅದು. ಡ್ಯಾನ್ಯೂಬ್, ಇನ್, ಇಲ್ಜ್ ಅಂತ ಅವುಗಳ ಹೆಸರು. ಮೂರರ ನೀರಿಗೂ ಮೂರು ಬಣ್ಣವಂತೆ. ಒಂದು ಕಾಲದಲ್ಲಿ ಅಲ್ಲಿ ಬಿಷಪ್ಪನೇ ರಾಜ. ಊರಿನವರು ನಮ್ಮ ಊರು ನಾವೇ ನೋಡಿಕೊಳ್ಳುತ್ತೇವೆ ಅಂತ ದಂಗೆ ಎದ್ದರಂತೆ, ಸೋತರಂತೆ. ಮಠದ ಸ್ವಾಮಿಗಳೇ ಅಮಲ್ದಾರರಾಗಿ ಕೂತರೆ ಇನ್ನೇನಾಗುತ್ತದೆ ಮಾರಾಯ ಅಂತ ಶಾಂತಮಲ್ಲಪ್ಪ ನಕ್ಕಿದ್ದ. ನೋಡದ ಊರಿನ ನ್ಯಾಯವನ್ನು ಇಬ್ಬರೂ ತಮ್ಮ ಪಂಚಾಯ್ತಿಯದೇ ಅನ್ನುವ ಹಾಗೆ ಚರ್ಚೆ ಮಾಡುತ್ತಿದ್ದರು.

ಮೂರನೇ ವಾರದ ಪ್ರಶ್ನೆಯೇ ಕಷ್ಟದ್ದು. ಪಸ್ಸಾವಿನಿಂದ ಕುದುರೆಗಳ ಮೇಲೆ ಹೇರಿ, ಬೆಟ್ಟ ಹತ್ತಿಸಿ, ಕಾಡು ದಾಟಿಸಿ ಬೊಹೇಮಿಯಾ ಸೀಮೆಗೆ ಒಂದು ಸರಕು ಸಾಗಿಸುತ್ತಿದ್ದರು. ಊರು ಉದ್ಧಾರವಾದದ್ದೇ ಅದರಿಂದ. ಯಾವುದು ಆ ಸರಕು? ಆ ಹಾದಿಗೆ ಚಿನ್ನದ ಹಾದಿ ಅಂತ ಹೆಸರು ಅನ್ನುವುದನ್ನೂ ರೇಡಿಯೋದವರು ಹೇಳಿಬಿಟ್ಟಿದ್ದರು. ಚಿನ್ನ, ಇನ್ನೇನು, ಅಂತ ದೇವೀರಪ್ಪ ಬರೆದುಕೊಳ್ಳಲು ಹೊರಟ.

ಶಾಂತಮಲ್ಲಪ್ಪ ಅಡಿಕೆ ಅಗಿಯುತ್ತ ತಡೆದ. “ಚಿನ್ನ ಹೊರಾಕೆ ಅಷ್ಟೊಂದ್ ಕುದ್ರೆ ಯಾಕ್ ಬೇಕೋ ದೇವೀರ? ಉಪ್ಪಿರ್ಬೇಕು ಕಣೋ. ನಮ್ ತಾತ ಘಾಟಿ ಇಳ್ದು ಎತ್ತಿನ್ ಮೇಲೆ ಹೇರ್ಕೊಂಡ್ ಬರ್ತಿದ್ದದ್ದು ಉಪ್ಪೇಯ. ಬೆಟ್ಟದ್ ಮೇಲಿನ ಜನಕ್ಕೆ ಉಪ್ಪಿಗಿಂತ ಚಿನ್ನ ಯಾವ್ದೈತೆ?”

ಸರಿಯೇ ಇತ್ತು. ದೇವೀರಪ್ಪ ಉಪ್ಪು ಅಂತಲೇ ಬರೆದುಕೊಂಡ.

ಕೊನೆಯ ವಾರ ಶಾಂತಮಲ್ಲಪ್ಪ ಊರಲ್ಲಿರಲಿಲ್ಲ. ತಂಗಿಯ ಮನೆಯ ಮದುವೆಗೆ ಸೋಮವಾರಪೇಟೆಗೆ ಹೋಗಿದ್ದ. ದೇವೀರ ಬಂದರೆ ರೇಡಿಯೋ ಹಾಕಿಕೊಡು ಅಂತ ಹೆಂಡತಿಗೆ ಹೇಳಿಹೋಗಿದ್ದ. ದೇವೀರಪ್ಪ ಒಬ್ಬನೇ ಜಗಲಿಯಲ್ಲಿ ಕೂತು ಕೇಳಿದ. ಮಹಾ ಪ್ರವಾಹಗಳ ಕಥೆ ಮುಗಿಯಿತು, ಪ್ರಶ್ನೆ ಬಂತು, ಆಮೇಲೆ ಬಂತು ಆ ಮಾತು: ಈ ಸಲ ಪೆನ್ನಿಲ್ಲ, ಕ್ಯಾಲೆಂಡರಿಲ್ಲ. ಸರಿಯುತ್ತರ ಬರೆದವರಲ್ಲಿ ಒಬ್ಬರ ಹೆಸರು ಎತ್ತಿ, ಖರ್ಚೆಲ್ಲ ಕೊಟ್ಟು, ಪಸ್ಸಾವಿಗೇ ಕರೆಸಿಕೊಳ್ಳುತ್ತೇವೆ.

ಈ ಸಲದ ಹೆಸರು ಶಾಂತಮಲ್ಲಪ್ಪನದು. ಅದರಲ್ಲಿ ದೇವೀರಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಮನುಷ್ಯನ ತಲೆ ಎಂಥ ವಕೀಲ ನೋಡಿ! ಅವನು ಹೋಗಿ ಅಲ್ಲಿ ಏನು ಮಾತಾಡುತ್ತಾನೆ? ಪಾಸ್‌ಪೋರ್ಟು ಮಾಡಿಸಲು ಯಾರನ್ನು ಹಿಡಿಯುತ್ತಾನೆ? ನಾಟಿ ಯಾರು ನೋಡುತ್ತಾರೆ? ಅಷ್ಟಕ್ಕೂ ಬರುವುದು ಸಾವಿರಾರು ಕಾರ್ಡು, ನಮ್ಮದೇ ಎತ್ತುತ್ತಾರೆಯೇ? ಇಷ್ಟೆಲ್ಲ ಹೇಳಿಕೊಂಡು ಮನೆಗೆ ಹೋಗಿ ಕಾರ್ಡಿನ ಮೇಲೆ ತನ್ನ ಹೆಸರನ್ನೇ ಬರೆದ. ಅಕ್ಷರ ಎಂದಿನ ಹಾಗೇ ದುಂಡಗೆ ಬಂತು. ಅದೇ ಅವನನ್ನು ಆಮೇಲೆ ಬಹಳ ದಿನ ಕಾಡಿತು.

ಮದುವೆಯಿಂದ ಬಂದ ಶಾಂತಮಲ್ಲಪ್ಪ ಕಾರ್ಡು ಹಾಕಿದೆಯೇನೋ ಅಂತ ಕೇಳಿದ. ಹಾಕಿದೆ ಅಂದ ಇವನು. ಬಹುಮಾನದ ಮಾತು ಎತ್ತಲಿಲ್ಲ. ಅವನು ಲಾಡಿನ ಪೊಟ್ಟಣ ಬಿಚ್ಚಿ ಮುಂದಿಟ್ಟ, ಇವನು ತಿಂದ.

ಏಪ್ರಿಲಿನಲ್ಲಿ ಜರ್ಮನಿಯಿಂದ ಲಕೋಟೆ ಬಂತು. ಪೋಸ್ಟ್‌ಮನ್ ಅದನ್ನು ದಾರಿಯುದ್ದಕ್ಕೂ ತೋರಿಸಿಕೊಂಡೇ ಬಂದಿದ್ದರಿಂದ ದೇವೀರಪ್ಪ ಒಡೆಯುವ ಮೊದಲೇ ಊರು ಅಂಗಳದಲ್ಲಿ ನೆರೆದಿತ್ತು. ಗಂಗಾಮಣಿ, ಅವನ ಹೆಂಡತಿ, ಗಂಡನ ಸೂಟ್‌ಕೇಸಿಗೆ ಆಗಲೇ ಚಟ್ನಿಪುಡಿಯ ಯೋಚನೆಗೆ ಬಿದ್ದಳು. ಶಾಂತಮಲ್ಲಪ್ಪನೂ ಬಂದಿದ್ದ. ಎಲ್ಲ ಗದ್ದಲ ಅಡಗಿದ ಮೇಲೆ ಹತ್ತಿರ ಬಂದು, ನಿನ್ನ ಹೆಸರಲ್ಲಿ ಬಂತಾ ಅಂತ ಒಂದೇ ಮಾತು ಕೇಳಿದ. ಹೂಂ ಅಂದ ದೇವೀರಪ್ಪ, ಅವನ ಅಂಗಿಯ ಗುಂಡಿ ನೋಡುತ್ತ. ಒಳ್ಳೇದಾಯ್ತು ಬುಡು ಅಂದ ಶಾಂತಮಲ್ಲಪ್ಪ.

ಹೊರಡುವ ಹಿಂದಿನ ದಿನ ಅವನೇ ಬಂದ. ಬಗಲಲ್ಲಿ ಅವನ ಒಳ್ಳೆಯ ಕಂಬಳಿ ಇತ್ತು, ಮದುವೆ ಮುಂಜಿಗೆ ಮಾತ್ರ ಹೊರತೆಗೆಯುವಂಥದ್ದು. ಅಲ್ಲಿ ಚಳಿ ಜಾಸ್ತಿಯಂತೆ, ಇದನ್ನು ಇಟ್ಟುಕೋ ಅಂದ. ಬೇಡ ಅಂದರೂ ಬಿಡಲಿಲ್ಲ. ಜೊತೆಗೆ ಒಂದು ಮಾತು: “ಆ ಮೂರು ನೀರು ಸೇರೋ ಜಾಗದಾಗೆ ನಿಂತು ನೋಡ್ಕೊಂಬಾ. ಬಣ್ಣ ಬ್ಯಾರೆ ಬ್ಯಾರೆ ಕಾಣ್ತದೋ, ಬರೀ ರೇಡಿಯೋದೋರ ಬೊಗಳೆನೋ ಅಂತ.” ದೇವೀರಪ್ಪನಿಗೆ ಆ ಕ್ಷಣ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನೆಲ ಯಾಕೆ ಬಿಡುತ್ತದೆ?

ಪಸ್ಸಾವು ರೇಡಿಯೋ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಕಲ್ಲು ಹಾಸಿದ ಓಣಿಗಳು, ಹಸಿರು ಗುಮ್ಮಟದ ಇಗರ್ಜಿ, ನದಿಯಾಚೆ ಗುಡ್ಡದ ಮೇಲೆ ಬಿಷಪ್ಪನ ಕೋಟೆ. ಎಲ್ಲರೂ ಸಾಸೇಜು ತಿನ್ನುವಾಗ ಇವನು ಬ್ರೆಡ್ಡು ಆಲೂಗಡ್ಡೆಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದ. ಹೋಟೆಲಿನಲ್ಲಿ ಸೂಟ್‌ಕೇಸು ತೆರೆದಾಗೆಲ್ಲ ಕಂಬಳಿಯ ವಾಸನೆ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಅದನ್ನು ಒಮ್ಮೆಯೂ ಹೊದೆಯಲಿಲ್ಲ. ಜೂನ್ ತಿಂಗಳು, ಚಳಿಯೂ ಅಂಥದ್ದಿರಲಿಲ್ಲ, ಇದ್ದಿದ್ದರೂ ಹೊದೆಯುವ ಮುಖ ಅವನಿಗಿರಲಿಲ್ಲ.

ಊರು ತೋರಿಸಲು ಬಂದವಳು ಮಾರ್ಗರೆಟ್ ಅಂತ, ನಗರಸಭೆಯ ಕಚೇರಿಯಲ್ಲಿ ಕೆಲಸ ಮಾಡುವ ಐವತ್ತು ದಾಟಿದ ಹೆಂಗಸು. ನದಿಯ ದಂಡೆಯಲ್ಲೇ ಇರುವ ನಗರಸಭೆಯ ಗೋಪುರದ ಗೋಡೆ ತೋರಿಸಿದಳು. ಗೋಡೆಯ ಮೇಲೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂತು ಅನ್ನುವ ಗೆರೆಗಳು. ಎಲ್ಲಕ್ಕಿಂತ ಮೇಲಿನದು ಸಾವಿರದ ಐನೂರ ಒಂದನೇ ಇಸವಿಯದು, ಕತ್ತೆತ್ತಿ ನೋಡಬೇಕು. ಐವತ್ತನಾಲ್ಕರಲ್ಲಿ ನೆರೆ ಬಂದಾಗ ಅವಳು ಚಿಕ್ಕ ಹುಡುಗಿ. ನೀರು ಇಳಿದ ಮೇಲೆ ಮನೆಯ ತುಂಬ ಕೆಸರು. ಮೊದಲು ಅವರ ಮನೆಯ ನೆಲಮಾಳಿಗೆಯ ಕೆಸರನ್ನು ಓಣಿಯವರೆಲ್ಲ ಸೇರಿ ಎತ್ತಿದರು, ಆಮೇಲೆ ಅವಳ ಅಪ್ಪ ಅಮ್ಮ ಓಣಿಯವರ ಜೊತೆ ಪಕ್ಕದ ಮನೆಗೆ, ಅಲ್ಲಿಂದ ಅದರಾಚೆಯ ಮನೆಗೆ. ಯಾರೂ ಯಾರಿಗೂ ದುಡ್ಡು ಕೊಡಲಿಲ್ಲ ಅಂದಳು.

ದೇವೀರಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ನಮ್ಮಲ್ಲೂ ಇದೆ, ಮುಯ್ಯಿ ಅಂತ, ಅಂದುಬಿಟ್ಟ. ಅವಳು ಬಿಡುತ್ತಾಳೆಯೇ, ಬಿಡಿಸಿ ಹೇಳು ಅಂದಳು. ಗದ್ದೆ, ಬದು, ಅಪ್ಪಂದಿರು, ತೀರಿಸದೆ ಉಳಿಸಿಕೊಳ್ಳುವ ಒಂದಾಳು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಕೇಳಿ ಅವಳು ಬಹಳ ಮೆಚ್ಚಿಕೊಂಡಳು. ಮೆಚ್ಚಿಕೊಂಡು ಸುಮ್ಮನಿರಬಹುದಿತ್ತು. ಯಾರಾದರೂ ಪಡೆದುಕೊಂಡು ತಿರುಗಿ ಕೊಡದೆ ಹೋದರೆ ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ ಕೇಳಿದಳು.

ನಮ್ಮಲ್ಲಿ ಹಾಗೆ ಆಗುವುದಿಲ್ಲ ಅಂದ ದೇವೀರಪ್ಪ. ಅಂದು, ಗೋಡೆಯ ಕಡೆ ತಿರುಗಿ ನಿಂತು, ಗೆರೆಗಳನ್ನು ಓದುವವನ ಹಾಗೆ ನಟಿಸಿದ. ಅಷ್ಟು ದೂರ ಬಂದರೂ ಸುಳ್ಳು ಜೊತೆಯಲ್ಲೇ ಬಂದಿತ್ತಲ್ಲ ಅಂತ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೂರು ನದಿ ಸೇರುವ ತುದಿಗೂ ಹೋದ. ಬಣ್ಣ ಬೇರೆ ಬೇರೆಯೇ ಇತ್ತು. ಒಂದು ಹಸಿರು, ಒಂದು ಮಣ್ಣಿನ ಬಣ್ಣ, ಇನ್ನೊಂದು ಕಪ್ಪು ಕಾಫಿಯ ಹಾಗೆ. ತಕ್ಷಣ ಬೆರೆಯದೆ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುತ್ತಿದ್ದವು. ಶಾಂತಣ್ಣ ಇದ್ದಿದ್ದರೆ ಏನೆನ್ನುತ್ತಿದ್ದ ಅಂತ ಯೋಚಿಸಿದ. ಏನೆನ್ನುತ್ತಿದ್ದ ಅನ್ನುವುದು ಹೊಳೆಯಲಿಲ್ಲ, ಕಣ್ಣು ತುಂಬಿಬಂತು. ಊರಿಗೆ ಹೋದವನೇ ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡ.

ಹೇಳಿದನೇ? ಅದಕ್ಕೇ ಅವಕಾಶ ಹುಡುಕಿಕೊಂಡು ಬಂದಿತ್ತು. ಪಂಚಾಯ್ತಿ ಮೆಂಬರ್ ಲಕ್ಕಯ್ಯ ಕುಂದೂರಿನ ಸ್ಕೂಲಿನಲ್ಲಿ ಸನ್ಮಾನ ಇಟ್ಟುಕೊಂಡ. ಶಾಲು, ಹಾರ, ಮೈಕು. ದೇವೀರಪ್ಪ ಕಂಡದ್ದನ್ನೆಲ್ಲ ಸೊಗಸಾಗಿ ಹೇಳಿದ, ಜನ ಉಸಿರು ಬಿಗಿಹಿಡಿದು ಕೇಳಿದರು. ಬಣ್ಣ ನಿಜಕ್ಕೂ ಬೇರೆ ಬೇರೆ ಅನ್ನುವಾಗ ಮುಂದಿನ ಸಾಲಿನಲ್ಲಿದ್ದ ಶಾಂತಮಲ್ಲಪ್ಪನ ಕಡೆ ನೋಡಿದ. ಅವನು ಖುಷಿಯಿಂದ ತಲೆಯಾಡಿಸಿದ. ಆಗ ಹೈಸ್ಕೂಲಿನ ಮೇಷ್ಟ್ರೊಬ್ಬರು ಎದ್ದು, ಚಿನ್ನದ ಹಾದಿ ಅಂತ ಹೆಸರಿದ್ದರೂ ಅದು ಉಪ್ಪು ಅಂತ ನಿಮಗೆ ಹೇಗೆ ಹೊಳೆಯಿತು ಅಂತ ಕೇಳಿದರು.

ಒಂದೇ ಮಾತು ಸಾಕಿತ್ತು. ಅದು ಹೊಳೆದದ್ದು ನನಗಲ್ಲ, ಅಗೋ ಅಲ್ಲಿ ಕೂತಿದ್ದಾರಲ್ಲ ಅವರಿಗೆ ಅನ್ನಬೇಕಿತ್ತು, ಅಷ್ಟೇ. ಅದನ್ನೇ ಅನ್ನಲು ಬಾಯಿ ತೆರೆದ. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ, ಅದರ ಹಿಂದೆ ಕಾರ್ಡು ಬರುತ್ತದೆ. ಹೆಗಲ ಮೇಲೆ ಶಾಲು ಬೇರೆ. ಎಲ್ಲೋ ಓದಿದ್ದೆ ಅಂದುಬಿಟ್ಟ ದೇವೀರಪ್ಪ. ಜನ ಚಪ್ಪಾಳೆ ತಟ್ಟಿದರು. ಶಾಂತಮಲ್ಲಪ್ಪ ಮೆಲ್ಲಗೆ ಎದ್ದು, ಎತ್ತಿಗೆ ನೀರು ಕುಡಿಸಬೇಕು ಅಂತ ಪಕ್ಕದವನಿಗೆ ಹೇಳಿ ಹೊರಟುಹೋದ.

ಮಾರನೆಯ ಸಂಜೆ ಕಂಬಳಿ ವಾಪಸು ಕೊಡುವ ನೆವದಲ್ಲಿ ದೇವೀರಪ್ಪ ಅವನ ಮನೆಗೆ ಹೋದ. ಹಲಸಿನ ಮರದ ಮೇಲಿದ್ದ ರೇಡಿಯೋದ ತಾಮ್ರದ ತಂತಿ ಕೆಳಗಿಳಿದು ಎರಡು ಗೂಟದ ನಡುವೆ ಬಂದಿತ್ತು. ವಿಶಾಲಮ್ಮ ಅದರ ಮೇಲೆ ಸೀರೆ ಒಣಹಾಕಿದ್ದಳು. ಶಾಂತಮಲ್ಲಪ್ಪ ನೊಗಕ್ಕೆ ಹಗ್ಗ ಕಟ್ಟುತ್ತಿದ್ದವನು ಎದ್ದು ನಿಂತ. ಇಷ್ಟು ವರ್ಷ ಹೀಗೆ ಎದ್ದು ನಿಂತವನಲ್ಲ. ಬನ್ನಿ ರೈಟ್ರೇ, ಕೂತ್ಕೊಳ್ಳಿ ಅಂದ. ವಿಶಾಲಮ್ಮ ಕಾಫಿ ತಂದಳು, ದಿನಾ ಬೈಯುತ್ತ ಕೊಡುವವಳು ಅವತ್ತು ಬೈಯಲಿಲ್ಲ. ದೇವೀರಪ್ಪ ಕಾಫಿ ಕುಡಿದು, ಹೇಳಬೇಕೆಂದಿದ್ದದ್ದನ್ನು ಹೇಳದೆ, ಎದ್ದುಬಂದ.

ಜುಲೈ ಕೊನೆಗೆ ನಾಟಿ ಬಂತು. ಪ್ರತಿ ವರ್ಷ ಶಾಂತಮಲ್ಲಪ್ಪ ಬದುವಿನಿಂದಲೇ ಕೂಗು ಹಾಕುತ್ತಿದ್ದ. ಈ ವರ್ಷ ಕೂಗು ಬರಲಿಲ್ಲ. ನಾಳೆ ಅವರ ನಾಟಿಯಂತೆ, ಕೂಲಿಗೆ ಆಳು ಹೇಳಿದ್ದಾರಂತೆ ಅಂತ ಗಂಗಾಮಣಿ ನೀರು ತರಲು ಹೋದಲ್ಲಿ ಕೇಳಿಕೊಂಡು ಬಂದಳು. ದೇವೀರಪ್ಪನಿಗೆ ಒಂದು ಉಪಾಯ ಹೊಳೆಯಿತು. ಬಾಯಲ್ಲಿ ಆಗದ್ದನ್ನು ಮೈಯಲ್ಲಿ ತೀರಿಸಬೇಕು. ಇಷ್ಟು ವರ್ಷ ತನ್ನ ಪಾಲಿನ ಮುಯ್ಯಿಗೆ ಗಂಗಾಮಣಿಯನ್ನೋ ಎಸ್ಟೇಟಿನ ಆಳನ್ನೋ ಕಳಿಸಿ, ತಾನು ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದವನು ಅವನು. ಈ ಸಲ ತಾನೇ ಕೆಸರಿಗಿಳಿಯಬೇಕು.

ಬೆಳಕು ಹರಿಯುವ ಹೊತ್ತಿಗೆ ಕರೆಯದೆ ಹೋಗಿ ಗದ್ದೆಗಿಳಿದ. ಶಾಂತಮಲ್ಲಪ್ಪ ನೋಡಿದ, ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ದೇವೀರಪ್ಪ ಸಸಿ ಕಿತ್ತ, ಕಟ್ಟು ಕಟ್ಟಿದ, ನೀರು ಸೋರುವ ಹೊರೆ ಹೊತ್ತು ಹೆಂಗಸರಿಗೆ ಕೊಟ್ಟ. ಎರಡು ಸಲ ಕಾಲು ಜಾರಿ ಕೂತುಬಿಟ್ಟ, ಹೆಂಗಸರು ಜರ್ಮನಿ ರೈಟ್ರು ಗದ್ದೆ ಅಳತೆ ಮಾಡ್ತಾವ್ರೆ ಅಂತ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಆದರೂ ಎಷ್ಟೋ ತಿಂಗಳಿಂದ ಇಲ್ಲದ ನೆಮ್ಮದಿ ಅವನಿಗೆ. ಅಕ್ಕಿರೊಟ್ಟಿ ಕಳಲೆ ಪಲ್ಯ ಬಂದಾಗ ಎಲ್ಲರ ಜೊತೆ ಕೂತು ಗಬಗಬ ತಿಂದ.

ಸಂಜೆ ಆಳುಗಳೆಲ್ಲ ಹೋದ ಮೇಲೆ ಇಬ್ಬರೂ ತೋಡಿನಲ್ಲಿ ಕಾಲು ತೊಳೆಯುತ್ತಿದ್ದರು. ಈಗ ಮಾತು ಸಲೀಸಾಗಿ ಬಂತು.

“ಶಾಂತಣ್ಣ, ಆ ಕಾರ್ಡು ನಿನ್ ಸರದೀದು. ಬಹುಮಾನ ಏನು ಅಂತ ಗೊತ್ತಿದ್ದೇ ನನ್ ಹೆಸ್ರು ಬರ್ದೆ.”

“ಗೊತ್ತು.”

“ಯಾವಾಗಿಂದ?”

“ನಾನು ಮದ್ವೆಯಿಂದ ಬಂದ್ ದಿನಾನೇ. ನನ್ ಸರದಿ ಬಂದಾಗೆಲ್ಲ ನಿನ್ ಹೆಸ್ರಲ್ಲಿ ಹಾಕ್ದೆ ಅಂತಿದ್ರಿ. ಅವತ್ತು ಹಾಕ್ದೆ ಅಂದ್ರಿ, ಅಷ್ಟೇ.” ಹಿಮ್ಮಡಿಯ ಕೆಸರನ್ನು ಕಲ್ಲಿಗೆ ಉಜ್ಜುತ್ತ ಹೇಳಿದ ಶಾಂತಮಲ್ಲಪ್ಪ. “ನೀವ್ ಹೋಗ್ಬಂದಿದ್ದಕ್ಕೆ ನಂಗೇನೂ ಬೇಜಾರ್ ಇರ್ನಿಲ್ಲ. ನಾನ್ ಹೋಗಿದ್ರೆ ಪೆದ್ದನಂಗೆ ನಿಂತ್ಕೊಂತಿದ್ದೆ. ಉಪ್ಪಂತ ಹೇಳಿದ್ದು ನಮ್ ತಾತನ್ ಮಾತು. ಅದೊಂದ್ನ ಜನದ್ ಮುಂದೆ ಹೇಳ್ಬೋದಿತ್ತು.”

ದೇವೀರಪ್ಪ ಕಾಲು ತೊಳೆಯುವುದನ್ನು ಬಿಟ್ಟು ಅವನ ಕಡೆ ತಿರುಗಿದ. ತಪ್ಪಾಯ್ತು ಅಂದ. ಅದಕ್ಕೇ ಇವತ್ತು ಬಂದದ್ದು, ಆ ಕಾರ್ಡಿನ ಮುಯ್ಯಿ ಅಂತ ತಿಳಿದುಕೋ, ನಾಳೆಯೂ ಬರುತ್ತೇನೆ, ನಾಡಿದ್ದೂ ಬರುತ್ತೇನೆ ಅಂದ.

ಶಾಂತಮಲ್ಲಪ್ಪ ಟವೆಲಿನಿಂದ ಕಾಲೊರೆಸಿಕೊಂಡು ಎದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

“ಕಾರ್ಡಿಗೆಲ್ಲ ಮುಯ್ಯಿ ಎಲ್ಲೈತೆ ರೈಟ್ರೇ? ನಿಮ್ ಮನೇದು ಒಂದಾಳು ಬಾಕಿ ಇತ್ತಲ್ಲ, ಅದು ಇವತ್ತಿಗೆ ತೀರ್ತು. ಈಗ ನಿಮ್ದು ನಮ್ದು ಸರಿಹೋಯ್ತು.”

ಅಷ್ಟು ಹೇಳಿ ಗುದ್ದಲಿ ಹೆಗಲಿಗೇರಿಸಿಕೊಂಡು ಬದುವಿನ ಮೇಲೆ ನಡೆದ. ದೇವೀರಪ್ಪ ತೋಡಿನಲ್ಲೇ ನಿಂತ. ಇಬ್ಬರು ಅಪ್ಪಂದಿರು ಸಾಯುವವರೆಗೂ ಕಾಪಾಡಿಕೊಂಡು ಬಂದದ್ದನ್ನು ತಾನೇ, ಯಾರೂ ಕರೆಯದೆ, ಬೆಳಗ್ಗೆ ಎದ್ದು ಬಂದು, ಸೊಂಟ ಮುರಿದುಕೊಂಡು ದುಡಿದು ತೀರಿಸಿಬಿಟ್ಟಿದ್ದ. ನಿಲ್ಲಣ್ಣ ಅಂತ ಕೂಗಬೇಕು ಅನ್ನಿಸಿತು. ಕೂಗಿ ಏನು ಹೇಳುವುದು? ಮಾಡಿದ ಕೆಲಸವನ್ನು ವಾಪಸು ತೆಗೆದುಕೊಳ್ಳುತ್ತೇನೆ, ನೆಟ್ಟ ಸಸಿ ಕಿತ್ತುಕೊಡು ಅನ್ನುವುದೇ?

ಮುಂದಿನ ವಾರ ದೇವೀರಪ್ಪನ ಗದ್ದೆಯ ನಾಟಿ. ಗಂಗಾಮಣಿ ಅಭ್ಯಾಸಬಲದಿಂದ ಶಾಂತಮಲ್ಲಪ್ಪ, ವಿಶಾಲಮ್ಮ ಇಬ್ಬರಿಗೂ ಸೇರಿಸಿ ರೊಟ್ಟಿ ತಟ್ಟಿದಳು. ದೇವೀರಪ್ಪ ಬೇಡ ಅನ್ನಲಿಲ್ಲ. ಆಳುಗಳು ಆನೇಮಹಲ್ ಕಡೆಯಿಂದ ಕೂಲಿಗೆ ಬಂದಿದ್ದರು, ಚುರುಕಾಗಿ ನೆಟ್ಟರು. ಅವನು ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಆಚೆ ಗದ್ದೆಯ ಕಡೆ ಆಗಾಗ ನೋಡುತ್ತಿದ್ದ. ಶಾಂತಮಲ್ಲಪ್ಪ ಅಲ್ಲೇ ನೀರು ಕಟ್ಟುತ್ತಿದ್ದ. ಒಮ್ಮೆ ಕಣ್ಣಿಗೆ ಕಣ್ಣು ಸಿಕ್ಕಾಗ ತಲೆಬಗ್ಗಿಸಿ, ಎಸ್ಟೇಟಿನ ರೈಟರಿಗೆ ಮಾಡುವಂಥ ನಮಸ್ಕಾರ ಮಾಡಿದ.

ತಿರುಗಿ ಕೊಡದೆ ಹೋದರೆ ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ ಮಾರ್ಗರೆಟ್ ಕೇಳಿದ್ದು ದೇವೀರಪ್ಪನಿಗೆ ಆಗ ನೆನಪಾಯಿತು. ಏನೂ ಮಾಡುವುದಿಲ್ಲ ಅಂತ ಅವಳಿಗೆ ಹೇಳಬೇಕಿತ್ತು. ನಾಟಿ ನಿಲ್ಲುವುದಿಲ್ಲ, ಕೂಲಿ ಕೊಟ್ಟರೆ ಯಾರಾದರೂ ಬಂದು ನೆಟ್ಟು ಹೋಗುತ್ತಾರೆ.

ಸಂಜೆ ಮನೆಗೆ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಹಾಗೇ ಉಳಿದಿತ್ತು. ಇಷ್ಟೊಂದು ಯಾಕೆ ಮಿಕ್ಕಿತು ಅಂತ ಗಂಗಾಮಣಿ ಕೇಳಿದಳು.

“ಇಬ್ರು ಬರ್ನಿಲ್ಲ” ಅಂದ ದೇವೀರಪ್ಪ, ಕೈತೊಳೆಯಲು ಹೋದ.